ಪದಚರ್ಚೆ: ರಕ್ತ ಬರದ ಪೆಟ್ಟನ್ನು ಏನನ್ನೋಣ? ಒಳಪೆಟ್ಟು, ಗುಪ್ತಗಾಯ, ಕನ್ಕಷನ್

ಎಲ್ಲರಿಗೂ ನಮಸ್ಕಾರ.

ನಾನು ತಿಪಟೂರು ಕಡೆಯವಳು. ಈಗ ಇರುವುದು ಅಮೆರಿಕದ ಶಾರ್ಲಟ್‌ನಲ್ಲಿ. ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಈ ಸಲ ಮಕ್ಕಳೆಲ್ಲ ತಮಗೆ ಇಷ್ಟವಾದ ವಿಷಯದ ಮೇಲೆ ಐದು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಹನ್ನೆರಡು ವರ್ಷದ ಒಬ್ಬ ಹುಡುಗಿ ಸ್ಟಾಕ್ ಕಾರ್ ರೇಸು ಆರಿಸಿಕೊಂಡಿದ್ದಾಳೆ. ಅದರಲ್ಲೂ ರೇಸಿನಲ್ಲಿ ಕಾರು ಗೋಡೆಗೆ ಗುದ್ದಿದಾಗ ಡ್ರೈವರಿಗೆ ಏನಾಗುತ್ತದೆ, ಅವರನ್ನು ಹೇಗೆ ಉಳಿಸುತ್ತಾರೆ ಅನ್ನೋದು. ಈ ಊರಿನ ಮಗುವಿಗೆ ಇದೇನೂ ದೂರದ ವಿಷಯ ಅಲ್ಲ. ಅಮೆರಿಕದಲ್ಲಿ ಈ ರೇಸು ನಡೆಸುವ ಸಂಸ್ಥೆ ನಾಸ್ಕಾರ್, ಅದರ ತಂಡಗಳಲ್ಲಿ ಬಹುಪಾಲು ಶಾರ್ಲಟ್ ಸುತ್ತಮುತ್ತಲೇ ಇವೆ. ಅವಳ ಪಕ್ಕದ ಮನೆಯವರೇ ಒಂದು ತಂಡದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ.

ಭಾಷಣದ ಹೊತ್ತಿಗೆ ಊರಿಂದ ಅವಳ ಅಜ್ಜಿ, ತಾತ ಬರುತ್ತಾರೆ. ಅವರಿಗೆ ಪೂರ್ತಿ ಅರ್ಥ ಆಗಬೇಕು ಅನ್ನೋದು ಅವಳ ಹಟ. ನಾವಿಬ್ಬರೂ ಮೂರು ವಾರದಿಂದ ಪದ ಹುಡುಕುತ್ತಿದ್ದೇವೆ. ಕೆಲವು ಸುಲಭವಾಗಿ ಸಿಕ್ಕವು. 'ಸ್ಟಾಕ್ ಕಾರ್' ಅನ್ನು ಹಾಗೇ ಬಿಟ್ಟೆವು. ಕಂಪನಿಯಿಂದ ಬಂದ ಹಾಗೇ ಓಡಿಸುವ ಕಾರು ಅನ್ನೋದು ಮೊದಲಿನ ಅರ್ಥ. 1949ರಲ್ಲಿ ನಾಸ್ಕಾರ್ ಅಂಥ ಕಾರುಗಳ ಸರಣಿ ಶುರು ಮಾಡಿದಾಗ ಅದು ನಿಜವೂ ಆಗಿತ್ತು. ಈಗಿನವು ರೇಸಿಗೆಂದೇ ಕಟ್ಟಿದ ಕಾರುಗಳು, ಹೆಸರು ಮಾತ್ರ ಉಳಿದಿದೆ. 'ದಾಸ್ತಾನು' ಅಂತೇನಾದರೂ ಹಾಕಿದ್ದರೆ ತಾತ ಗೋಡೌನು ಅಂದುಕೊಳ್ಳುತ್ತಿದ್ದರು. 'ಡಿಕ್ಕಿ' ಅಂದರೆ ಅವಳಿಗೆ ಗೊತ್ತಿದ್ದದ್ದು ಕಾರಿನ ಹಿಂದೆ ಸಾಮಾನು ಇಡುವ ಜಾಗ ಒಂದೇ. ಹಾಗಾಗಿ 'ಗುದ್ದು' ಅಂತಲೇ ಇಟ್ಟುಕೊಂಡೆವು.

ಕಷ್ಟ ಶುರುವಾಗಿದ್ದು ಪೆಟ್ಟಿನ ಮಾತು ಬಂದಾಗ.

ನಮ್ಮ ಪತ್ರಿಕೆಗಳ ಅಪಘಾತದ ಸುದ್ದಿ ನೆನಪಿಸಿಕೊಳ್ಳಿ. 'ಕಾರು ನಜ್ಜುಗುಜ್ಜಾಗಿದ್ದು' ಅಂತ ಓದಿದ ಕೂಡಲೇ ಒಳಗಿದ್ದವರ ಗತಿ ನೆನೆದು ಎದೆ ಧಸಕ್ ಅನ್ನುತ್ತದೆ. 'ವಾಹನಕ್ಕೆ ಅಲ್ಪ ಪ್ರಮಾಣದ ಹಾನಿ' ಅಂತಿದ್ದರೆ ಸಮಾಧಾನ. ಕಬ್ಬಿಣ ಎಷ್ಟು ಮುರಿದಿದೆಯೋ ಮನುಷ್ಯನೂ ಅಷ್ಟೇ ಮುರಿದಿರುತ್ತಾನೆ ಅನ್ನೋ ಲೆಕ್ಕ ನಮ್ಮ ಮಾತಿನಲ್ಲೇ ಇದೆ. ಈ ಆಟದಲ್ಲಿ ಆ ಲೆಕ್ಕ ತಲೆಕೆಳಗು.

ಎರಡು ಗುದ್ದುಗಳನ್ನು ಹುಡುಗಿ ಭಾಷಣದಲ್ಲಿ ಅಕ್ಕಪಕ್ಕ ಇಟ್ಟಿದ್ದಾಳೆ. ಮೊದಲನೆಯದು 2001ರ ಫೆಬ್ರವರಿ 18, ಡೇಟೋನಾ 500 ರೇಸಿನ ಕೊನೆಯ ಸುತ್ತು. ಏಳು ಸಲ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಅವರ 3ನೇ ನಂಬರಿನ ಕಪ್ಪು ಕಾರು ನಾಲ್ಕನೇ ತಿರುವಿನಲ್ಲಿ ಗೋಡೆಗೆ ಬಡಿಯಿತು. ವಿಡಿಯೋ ನೋಡಿದರೆ ಅಂಥ ಭಯಂಕರ ಅನ್ನಿಸುವುದಿಲ್ಲ. ಕಾರು ಪಲ್ಟಿ ಹೊಡೆಯಲಿಲ್ಲ, ಬೆಂಕಿ ಹತ್ತಲಿಲ್ಲ. ಗೋಡೆಗೆ ತಾಗಿ, ಜಾರಿಕೊಂಡು ಬಂದು ಹುಲ್ಲಿನ ಮೇಲೆ ನಿಂತಿತು. ಅರ್ನ್‌ಹಾರ್ಟ್ ಉಳಿಯಲಿಲ್ಲ. ಅವರಿಗೆ 49 ವರ್ಷ. ಎರಡನೆಯದು 2008ರ ಏಪ್ರಿಲ್, ಟೆಕ್ಸಸ್. ಅರ್ಹತಾ ಸುತ್ತಿನಲ್ಲಿ ಮೈಕಲ್ ಮ್ಯಾಕ್‌ಡವಲ್ ಅವರ ಕಾರು ಗೋಡೆಗೆ ಅಪ್ಪಳಿಸಿ, ತಲೆಕೆಳಗಾಗಿ, ಮತ್ತೆ ಮತ್ತೆ ಉರುಳಿತು. ತುಂಡುಗಳು ದಾರಿ ತುಂಬ ಹರಡಿದವು. ನಜ್ಜುಗುಜ್ಜು ಅಂದರೆ ಅದು. ಮ್ಯಾಕ್‌ಡವಲ್ ತಾವೇ ಹೊರಗೆ ಬಂದು, ಕೈ ಬೀಸಿ, ನಡೆದುಕೊಂಡು ಹೋದರು. 2021ರಲ್ಲಿ ಅದೇ ಡೇಟೋನಾ 500 ಗೆದ್ದರು.

ನಡುವೆ ಬದಲಾದದ್ದು ಏನು ಅಂತ ಹೇಳಲು ಹೋದರೆ ಪದಗಳು ಬೇಕು.

ಅರ್ನ್‌ಹಾರ್ಟ್ ಅವರಿಗೆ ಆದದ್ದು ತಲೆಬುರುಡೆಯ ತಳದ ಮುರಿತ. ಕಾರು ಗಂಟೆಗೆ 160 ಮೈಲಿ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಬೆಲ್ಟುಗಳು ಎದೆಯನ್ನೂ ಸೊಂಟವನ್ನೂ ಸೀಟಿಗೆ ಬಿಗಿದು ಹಿಡಿದಿರುತ್ತವೆ. ತಲೆಯನ್ನು ಮಾತ್ರ ಯಾರೂ ಹಿಡಿದಿಲ್ಲ. ಅದರ ಮೇಲೆ ಹೆಲ್ಮೆಟ್ಟಿನ ಭಾರ ಬೇರೆ. ಕಾರು ಥಟ್ಟನೆ ನಿಂತಾಗ ಮೈ ನಿಲ್ಲುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ. ಬುರುಡೆ ಕತ್ತಿಗೆ ಕೂಡುವ ಜಾಗದಲ್ಲಿ ಎಲುಬು ಬಿಟ್ಟುಕೊಳ್ಳುತ್ತದೆ. 2000ದ ಮೇ 12ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ 19 ವರ್ಷದ ಆಡಮ್ ಪೆಟ್ಟಿ ಸತ್ತದ್ದು ಹೀಗೇ. ಎಂಟು ವಾರಕ್ಕೆ ಅದೇ ಟ್ರ್ಯಾಕಿನ ಅದೇ ತಿರುವಿನಲ್ಲಿ ಕೆನಿ ಅರ್ವಿನ್ ಹೋದರು. ಅಕ್ಟೋಬರಿನಲ್ಲಿ ಟೆಕ್ಸಸ್‌ನಲ್ಲಿ ಟೋನಿ ರೋಪರ್. ಅರ್ನ್‌ಹಾರ್ಟ್ ಸೇರಿ ಹತ್ತು ತಿಂಗಳೊಳಗೆ ನಾಲ್ಕು ಜನ.

ಇದಕ್ಕೆ ನಾವು 'ಬುರುಡೆ ತಳದ ಬಿರುಕು' ಅಂತ ಇಟ್ಟಿದ್ದೇವೆ. ಮುರಿತ ಅನ್ನಬಹುದಿತ್ತು. ಆದರೆ ಮುರಿತ ಅಂದರೆ ಕೈ ಕಾಲು ಸೊಟ್ಟಗಾದ ಚಿತ್ರ ಬರುತ್ತದೆ. ಇಲ್ಲಿ ಹೊರಗೆ ಏನೂ ಕಾಣದೇ ಇರಬಹುದು. ಬಿರುಕು ಸರಿ ಅನ್ನಿಸಿತು. ಡಾಕ್ಟರಾದವರು ಯಾರಾದರೂ ಈ ಗುಂಪಿನಲ್ಲಿದ್ದರೆ ದಯವಿಟ್ಟು ಹೇಳಿ, ಈ ಪದದಿಂದ ಅದರ ಗಂಭೀರತೆ ಕಮ್ಮಿ ಆಗುತ್ತದೆಯೇ?

ಈ ಪೆಟ್ಟು ತಪ್ಪಿಸುವ ಸಾಧನ ಆಗಲೇ ಇತ್ತು ಅನ್ನೋದು ನನಗೆ ಸಂಕಟ ತರುವ ಸಂಗತಿ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಹಬರ್ಡ್ ಮತ್ತು ರೇಸ್ ಡ್ರೈವರ್ ಜಿಮ್ ಡೌನಿಂಗ್, ಇವರಿಬ್ಬರೂ ಭಾವ-ಭಾವಮೈದುನ, 1980ರ ದಶಕದಲ್ಲೇ ಅದನ್ನು ಮಾಡಿದ್ದರು. ಹೆಸರು ಹ್ಯಾನ್ಸ್. ಬಹಳಷ್ಟು ಡ್ರೈವರ್‌ಗಳು ತೊಡಲು ಒಪ್ಪಲಿಲ್ಲ, ಕತ್ತು ಕಟ್ಟಿ ಹಾಕಿದ ಹಾಗೆ ಅನ್ನಿಸುತ್ತಿತ್ತು. ನಾಸ್ಕಾರ್ ಅದನ್ನೋ ಅದೇ ಬಗೆಯ ಇನ್ನೊಂದನ್ನೋ ಕಡ್ಡಾಯ ಮಾಡಿದ್ದು 2001ರ ಅಕ್ಟೋಬರಿನಲ್ಲಿ.

ಪಕ್ಕದ ಮನೆಯವರು ಒಂದನ್ನು ತಂದು ಹುಡುಗಿಯ ಹೆಗಲ ಮೇಲೆ ಇಟ್ಟರು. ನಾನೂ ಕೈಯಲ್ಲಿ ಹಿಡಿದು ನೋಡಿದೆ. ಅರ್ಧ ಕಿಲೋ ಆಸುಪಾಸು ಇದ್ದೀತು, ಕಾರ್ಬನ್ ಫೈಬರಿನದು. ಎರಡು ತೋಳು ಎದೆಯ ಮೇಲೆ ಇಳಿಯುತ್ತವೆ, ಹಿಂದೆ ಕತ್ತಿನ ಸುತ್ತ ಎತ್ತರದ ಕಾಲರ್. ಭುಜದ ಬೆಲ್ಟುಗಳು ಆ ತೋಳುಗಳ ಮೇಲೆ ಹಾದು ಅದನ್ನು ಒತ್ತಿ ಹಿಡಿಯುತ್ತವೆ. ಕಾಲರಿನಿಂದ ಎರಡು ಪಟ್ಟಿ ಬಂದು ಹೆಲ್ಮೆಟ್ಟಿನ ಎರಡು ಪಕ್ಕಕ್ಕೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ತಲೆ ಬೇರೆ, ಮೈ ಬೇರೆ ಅಲ್ಲ. ಎರಡೂ ಒಟ್ಟಿಗೆ ನಿಲ್ಲುತ್ತವೆ.

ನೋಡಿದ ಕೂಡಲೇ ನನಗೆ ಬಂದ ಪದ 'ನೊಗ'. ಹೆಗಲ ಮೇಲೆ ಕೂರುವುದು, ಎರಡನ್ನು ಜೊತೆ ಮಾಡುವುದು. ಇಲ್ಲಿ ಎತ್ತುಗಳ ಬದಲು ತಲೆ ಮತ್ತು ಮೈ. ಆದರೆ ನಮ್ಮಲ್ಲಿ 'ನೊಗ ಹೊತ್ತ' ಅಂದರೆ ಕಷ್ಟ ಹೊತ್ತ ಅಂತ. ಕಾಪಾಡುವ ವಸ್ತುವಿಗೆ ಅದು ಸಲ್ಲುತ್ತದಾ? 'ಕತ್ತಿನ ಆಸರೆ' ಅಂದರೆ ಆಸ್ಪತ್ರೆಯಲ್ಲಿ ಹಾಕುವ ಕಾಲರ್ ಅನ್ನಿಸುತ್ತದೆ. ಸದ್ಯಕ್ಕೆ 'ಕಾಪುನೊಗ' ಅಂತ ಬರೆದಿದ್ದಾಳೆ. ಒಕ್ಕಲುತನದ ಮನೆಯಿಂದ ಬಂದವರು ಹೇಳಿ, ಕೇಳಲು ಹೇಗಿದೆ?

ಇನ್ನು ಗೋಡೆ. 2002ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ಹಾಕಿದ ಸೇಫರ್ ಗೋಡೆಯಲ್ಲಿ ಮುಂದೆ ಉಕ್ಕಿನ ಕೊಳವೆಗಳು, ಹಿಂದೆ ಫೋಮಿನ ದಿಂಡುಗಳು, ಅದರ ಹಿಂದೆ ಕಾಂಕ್ರೀಟು. ಡೀನ್ ಸಿಕಿಂಗ್ ಮತ್ತು ನೆಬ್ರಾಸ್ಕ ವಿಶ್ವವಿದ್ಯಾಲಯದವರು ಮಾಡಿದ್ದು. ಕಾರು ಬಡಿದಾಗ ಗೋಡೆ ಹಿಂದಕ್ಕೆ ಸರಿಯುತ್ತದೆ. ನಿಲ್ಲಲು ಒಂದಿಷ್ಟು ಹೆಚ್ಚು ಹೊತ್ತು ಸಿಗುತ್ತದೆ, ಅದೇ ಪ್ರಾಣ ಉಳಿಸುತ್ತದೆ. ಇದಿಲ್ಲದ ಕಡೆ ಏನಾಗುತ್ತದೆ ಅಂತ 2015ರಲ್ಲಿ ಡೇಟೋನಾದಲ್ಲೇ ಗೊತ್ತಾಯಿತು. ಬರೀ ಕಾಂಕ್ರೀಟಿದ್ದ ಜಾಗಕ್ಕೆ ಹೋಗಿ ಬಡಿದ ಕೈಲ್ ಬುಶ್ ಅವರ ಬಲಗಾಲು ಮುರಿಯಿತು, ಎಡ ಪಾದವೂ ಮುರಿಯಿತು. 11 ರೇಸು ತಪ್ಪಿದವು. ಅದೇ ವರ್ಷ ಚಾಂಪಿಯನ್ನೂ ಆದರು.

ಇದನ್ನು 'ಶಕ್ತಿಯನ್ನು ಹೀರಿಕೊಳ್ಳುವ ತಡೆಗೋಡೆ' ಅಂತ ನಾನು ಬರೆದುಕೊಟ್ಟಿದ್ದೆ. ಹುಡುಗಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಂಟಿ, ಗೋಡೆ ಪೆಟ್ಟು ತಿನ್ನುತ್ತೆ ಅಂದ್ರೆ ತಪ್ಪಾ?" ಅಂದಳು. ಅವಳಿಗೆ ಆ ಮಾತು ಗೊತ್ತಿರುವುದು ಅಜ್ಜಿ ಫೋನಿನಲ್ಲಿ ಗದರುವಾಗ ಹೇಳುವ 'ಪೆಟ್ಟು ತಿಂತೀಯ ನೋಡು' ಅನ್ನೋದರಿಂದ. ನನಗೆ ಮೈ ಜುಮ್ ಅಂದಿತು. ಇದರಲ್ಲಿ ಇಡೀ ವಿಷಯ ಬಂದುಬಿಟ್ಟಿತು ಅಲ್ವಾ? ಒಂದು ಪೆಟ್ಟು ಇದೆ. ಅದನ್ನು ಯಾರಾದರೂ ತಿನ್ನಲೇಬೇಕು. ಗೋಡೆ ತಿನ್ನಲಿ, ಕಾರು ತಿನ್ನಲಿ, ಸೀಟು ತಿನ್ನಲಿ, ಕೊನೆಗೆ ಮನುಷ್ಯನಿಗೆ ಉಳಿಯಬಾರದು. ಗ್ಯಾರೇಜಿನವರು 'ಬಂಪರ್ ಏಟು ತಿಂದಿದೆ' ಅನ್ನುತ್ತಾರೆ, ರೈತರು 'ಬೆಳೆ ಮಳೆಗೆ ಏಟು ತಿಂತು' ಅನ್ನುತ್ತಾರೆ. ಜೀವವಿಲ್ಲದ ವಸ್ತುವಿಗೂ ಅದು ನಡೆಯುತ್ತದೆ ಅನ್ನೋದು ನನ್ನ ಅನಿಸಿಕೆ. ಆದರೆ ಅಲ್ಲಿ ಹಾಳಾಯಿತು ಅನ್ನುವ ಅರ್ಥ ಮಾತ್ರ ಇದೆ. ಬೇರೆಯವರ ಪಾಲಿನದನ್ನು ತಾನು ತಿಂದು ಕಾಪಾಡಿತು ಅನ್ನುವ ಅರ್ಥಕ್ಕೂ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?

ಈಗ ನಿದ್ದೆ ಕೆಡಿಸಿದ ಪದಕ್ಕೆ ಬರುತ್ತೇನೆ. ತಲೆ ಜೋರಾಗಿ ಅಲುಗಿ ಒಳಗೆ ಮಿದುಳಿಗೆ ಆಗುವ ಪೆಟ್ಟು, ಕನ್ಕಷನ್.

2001ರ ನಂತರ ನಾಸ್ಕಾರ್‌ನ ಮೂರು ರಾಷ್ಟ್ರಮಟ್ಟದ ಸರಣಿಗಳ ರೇಸಿನಲ್ಲಿ ಒಬ್ಬ ಡ್ರೈವರೂ ಗುದ್ದಿಗೆ ಪ್ರಾಣ ಬಿಟ್ಟಿಲ್ಲ. ಆದರೆ ತಲೆಯ ಪೆಟ್ಟು ನಿಂತಿಲ್ಲ. ಡೇಲ್ ಅರ್ನ್‌ಹಾರ್ಟ್ ಅವರ ಮಗ ಡೇಲ್ ಜೂನಿಯರ್ ಇದರಿಂದಲೇ 2016ರ ಸೀಸನ್ನಿನ ಅರ್ಧ ಭಾಗ ಮನೆಯಲ್ಲಿ ಕೂತರು. 2022ರಲ್ಲಿ ಹೊಸ ಮಾದರಿಯ ಕಾರು ಬಂತು. ಗಟ್ಟಿ ಕಾರು, ಅದರಲ್ಲೂ ಹಿಂಭಾಗ ತೀರಾ ಗಟ್ಟಿ. ಜುಲೈ 23ರಂದು ಪೊಕೋನೊದ ಅರ್ಹತಾ ಸುತ್ತಿನಲ್ಲಿ ಕರ್ಟ್ ಬುಶ್ ಅವರ ಕಾರಿನ ಹಿಂಭಾಗ ಗೋಡೆಗೆ ಬಡಿಯಿತು. ಕಾರು ತಿನ್ನಬೇಕಾದ ಪೆಟ್ಟನ್ನು ಅವರು ತಿಂದರು. ರಕ್ತ ಇಲ್ಲ, ಮುರಿತ ಇಲ್ಲ. ಆದರೆ ಮತ್ತೆ ರೇಸಿಗೆ ಬರಲು ಆಗಲಿಲ್ಲ, 2023ರಲ್ಲಿ ನಿವೃತ್ತಿ ಹೇಳಿದರು. ಎರಡು ತಿಂಗಳ ನಂತರ ಟೆಕ್ಸಸ್‌ನಲ್ಲಿ ಅಲೆಕ್ಸ್ ಬೋಮನ್ ಅವರಿಗೂ ಹೀಗೇ ಆಗಿ ಐದು ರೇಸು ಬಿಟ್ಟರು. ಮುಂದಿನ ವರ್ಷಕ್ಕೆ ಕಾರಿನ ಹಿಂಭಾಗ ಸುಲಭವಾಗಿ ಜಜ್ಜಿಹೋಗುವ ಹಾಗೆ ಬದಲಾಯಿಸಿದರು. ನೋಡಿ, ಇಲ್ಲಿ ನಜ್ಜುಗುಜ್ಜಾಗುವುದು ಒಳ್ಳೆಯ ಗುಣ.

ಕನ್ನಡದ ಕ್ರೀಡಾಪುಟಗಳಲ್ಲಿ ಕನ್ಕಷನ್ ಆಗಲೇ ಇದೆ. 2019ರಲ್ಲಿ ಕ್ರಿಕೆಟ್ಟಿಗೆ, ಕನ್ಕಷನ್ ಆದವರ ಬದಲು ಬೇರೆ ಆಟಗಾರ ಇಳಿಯಬಹುದು ಅನ್ನೋ ನಿಯಮ ಬಂದ ಮೇಲೆ, ಅದರಲ್ಲೂ 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಬದಲು ಚಾಹಲ್ ಬಂದು ಬೌಲ್ ಮಾಡಿದ ಮೇಲೆ, ಓದುಗರಿಗೆ ಪದ ಪರಿಚಯವಾಯಿತು. ಆದರೆ ಅಜ್ಜಿಗೆ? 'ಮಿದುಳಿನ ಆಘಾತ' ಅಂದರೆ ಪಾರ್ಶ್ವವಾಯು ಅಂತ ಹೆದರುತ್ತಾರೆ. ಸುಮ್ನೆ 'ಆಘಾತ' ಅಂದರೆ ಮನಸ್ಸಿಗೆ ಆದದ್ದು ಅಂದುಕೊಳ್ಳುತ್ತಾರೆ. 'ತಲೆಗೆ ಪೆಟ್ಟು' ಅಂದರೆ ಬ್ಯಾಂಡೇಜ್ ಕಾಣುತ್ತದೆ.

ನಮ್ಮ ಕಡೆ ತೆಂಗಿನ ಮರದಿಂದ ಬಿದ್ದವರಿಗೆ 'ಒಳಪೆಟ್ಟಾಗಿದೆ' ಅನ್ನುತ್ತಾರೆ. ಅದು ಹೆಚ್ಚಾಗಿ ಎದೆ, ಹೊಟ್ಟೆ, ಬೆನ್ನಿಗೆ. ತಲೆಗೆ ಬಳಸಿದ್ದು ನಾನು ಕೇಳಿಲ್ಲ. ಕೊಪ್ಪಳದಲ್ಲಿರುವ ನಮ್ಮ ಭಾವನವರಿಗೆ ಫೋನ್ ಮಾಡಿದೆ. ಅವರು ಪೊಲೀಸ್ ಸ್ಟೇಷನ್ನಿನಲ್ಲಿ ರೈಟರ್ ಆಗಿದ್ದವರು, ಎಷ್ಟೋ ಅಪಘಾತದ ದೂರು ಬರೆದವರು. "ಅದಕ್ಕ ಗುಪ್ತಗಾಯ ಅಂತ ಬರೀತಿದ್ವಿ ನೋಡವಾ. ರಕ್ತ ಬಂದ್ರ ರಕ್ತಗಾಯ, ಚರ್ಮ ಕಿತ್ರ ತರಚಿದ ಗಾಯ, ಕಣ್ಣಿಗೆ ಕಾಣ್ಲಿಲ್ಲಂದ್ರ ಗುಪ್ತಗಾಯ. ತಲೀಗೂ ಬರೀತಿದ್ವಿ," ಅಂದರು. ಆಮೇಲೆ ಸ್ವಲ್ಪ ತಡೆದು, "ಎದ್ದು ನಿಂತು ಮಾತಾಡಿದವರೇ ರಾತ್ರಿ ತೀರ್ಕೊಂಡಿರೂದು ನೋಡೀನಿ," ಅಂದರು. ದೂರಿನ ಭಾಷೆ ಅಂತ ನಾನು ಎಂದೂ ಗಮನ ಕೊಡದ ಪದ. ಎಷ್ಟು ಕಣ್ಣಿಟ್ಟು ಮಾಡಿದ ವಿಂಗಡಣೆ!

ನನ್ನದೂ ಒಂದು ಪದ ಇದೆ. ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡಲು ಕಾಯನ್ನು ಸುಮಾರು ವರ್ಷದ ತನಕ ಅಟ್ಟದ ಮೇಲೆ ಹಾಕಿಡುತ್ತೇವೆ. ಒಣಗಿತಾ ಅಂತ ನೋಡಲು ಅಮ್ಮ ಒಂದು ಕಾಯನ್ನು ಕಿವಿ ಹತ್ತಿರ ಹಿಡಿದು ಕುಲುಕುತ್ತಿದ್ದರು. ಕರಟಕ್ಕೆ ಏನೂ ಆಗಿರುವುದಿಲ್ಲ, ಒಳಗಿನ ಕೊಬ್ಬರಿ ಮಾತ್ರ ಕರಟಕ್ಕೆ ಬಡಿದು ಲೊಟಕ್ ಅನ್ನುತ್ತದೆ. ಕನ್ಕಷನ್ ವಿವರಿಸಲು ಹುಡುಗಿಗೆ ಇದನ್ನೇ ಹೇಳಿದೆ. ಅದರಿಂದ ಹುಟ್ಟಿದ್ದು 'ಕುಲುಕುಪೆಟ್ಟು'. ಗುಪ್ತಗಾಯ ಕಾಣುವುದಿಲ್ಲ ಅಂತ ಮಾತ್ರ ಹೇಳುತ್ತದೆ, ಕುಲುಕುಪೆಟ್ಟು ಒಳಗೆ ಏನಾಯಿತು ಅಂತಲೂ ಹೇಳುತ್ತದೆ ಅನ್ನೋದು ನನ್ನ ಆಸೆ. ನಿಮ್ಮ ಕಡೆ ಇದಕ್ಕೆ ಆಗಲೇ ಒಂದು ಮಾತಿದ್ದರೆ ನನ್ನದನ್ನು ಸಂತೋಷವಾಗಿ ಬಿಟ್ಟುಕೊಡುತ್ತೇನೆ. ಕರಾವಳಿಯವರು, ಮಲೆನಾಡಿನವರು, ಬೀದರ್ ಕಡೆಯವರು ದಯವಿಟ್ಟು ಬರೆಯಿರಿ.

ಕೊನೆಗೆ ಒಂದು. ಡ್ರೈವರ್ ಪಕ್ಕದ ಕಿಟಕಿಗೆ ಗಾಜಿಲ್ಲ, ಪಟ್ಟಿಗಳಿಂದ ಹೆಣೆದ ಬಲೆ ಇರುತ್ತದೆ. 1970ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ರಿಚರ್ಡ್ ಪೆಟ್ಟಿ ಅವರ ಕಾರು ಉರುಳಿದಾಗ ಅವರ ಕೈ ಕಿಟಕಿಯಿಂದ ಹೊರಗೆ ಜೋತಾಡಿತ್ತು. ಆಮೇಲೆ ಬಂದದ್ದು ಈ ಬಲೆ. ಮೇಲೆ ಹೇಳಿದ ಆಡಮ್ ಈ ರಿಚರ್ಡ್ ಅವರ ಮೊಮ್ಮಗ. ಗುದ್ದಿದ ಮೇಲೆ ಡ್ರೈವರ್ ಒಳಗಿಂದ ಬಲೆ ಇಳಿಸಿದರೆ 'ನಾನು ಚೆನ್ನಾಗಿದ್ದೇನೆ' ಅಂತ ಅರ್ಥ. ಅದು ಇಳಿಯುವ ತನಕ ಜನ ಎದ್ದು ನಿಂತು ಆ ಕಿಟಕಿಯನ್ನೇ ನೋಡುತ್ತಾರೆ. ಇಂಗ್ಲಿಷ್ ಕಾಮೆಂಟರಿಯಲ್ಲಿ 'ಬಲೆ ಇಳಿಯಿತು' ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕನ್ನಡದಲ್ಲಿ ಅವಳು 'ಬಲೆ ಸರಿಸಿದರು' ಅಂತ ಬರೆದಿದ್ದಳು, ನಾನು 'ಬಲೆ ಇಳಿಸಿದರು' ಅಂತ ತಿದ್ದಿದೆ. ಈಗ ಓದಿದರೆ ಮೀನುಗಾರರು ಮೀನಿಗೆ ಬಲೆ ಇಳಿಸಿದ ಹಾಗೆ ಕೇಳಿಸುತ್ತಿದೆ. ಭಾಷಣ ಮುಂದಿನ ತಿಂಗಳ ಎರಡನೇ ಭಾನುವಾರ. ಅಷ್ಟರೊಳಗೆ ಯಾರಿಗಾದರೂ ಏನಾದರೂ ಹೊಳೆದರೆ ತಿಳಿಸಿ.