ಅಪ್ಪನ ಉಸಿರು ನಿದ್ದೆಯಲ್ಲಿ ನಿಂತು ನಿಂತು ಬರುತ್ತಿದೆ, ಮಾರ್ಫಿನ್ ಕಾರಣವಾ?

ಪ್ರಶ್ನೆ
ಬೆನ್ನಿನ ಆಪರೇಷನ್ ಆದಮೇಲೆ ಅಪ್ಪ ನಾಲ್ಕು ವರ್ಷದಿಂದ ಮಾರ್ಫಿನ್ ಮಾತ್ರೆ ತಗೊಳ್ತಿದ್ದಾರೆ. ಮೊನ್ನೆ ರಾತ್ರಿ ಪಕ್ಕದಲ್ಲೇ ಮಲಗಿದ್ದೆ. ಇದ್ದಕ್ಕಿದ್ದಂತೆ ಉಸಿರು ನಿಂತಿತು. ಗೊರಕೆ ಇಲ್ಲ, ಎದೆ ಏಳುತ್ತಿಲ್ಲ. ಮನಸ್ಸಲ್ಲೇ ಎಣಿಸಿದೆ. ಹದಿನೆಂಟಕ್ಕೆ ಬಂದಾಗ ಜೋರಾಗಿ ಎಳೆದುಕೊಂಡರು. ಬೆಳಗಿನವರೆಗೂ ಹೀಗೇ. ಈ ವರ್ಷ ಎರಡು ಸಲ ನ್ಯುಮೋನಿಯಾ ಬೇರೆ ಆಗಿದೆ. ಸಿಗರೇಟು ಮುಟ್ಟಿದವರೇ ಅಲ್ಲ. ಮಾತ್ರೆ ಶ್ವಾಸಕೋಶ ಹಾಳು ಮಾಡ್ತಿದೆಯಾ? ನಿಲ್ಲಿಸಿಬಿಡಲಾ?

ಉತ್ತರ 1
ನೋವಿನ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತಗೊಂಡಿದ್ದನ್ನು ತಟ್ಟನೆ ಬಿಟ್ಟರೆ ಮೈಯೆಲ್ಲ ನೋವು, ವಾಂತಿ, ಭೇದಿ, ಚಡಪಡಿಕೆ ಶುರುವಾಗುತ್ತದೆ.

ತೊಂದರೆ ಶ್ವಾಸಕೋಶಕ್ಕಿಂತ ಹೆಚ್ಚಾಗಿ ಮೆದುಳಿನ ಬುಡದಲ್ಲಿದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ 'ಉಸಿರೆಳೆ' ಎಂದು ಹೇಳುವ ಜಾಗ ಅದು. ಮಾರ್ಫಿನ್‌ನಂಥ ಒಪಿಯಾಯ್ಡ್ ನೋವಿನ ಮದ್ದು ಅದನ್ನು ಮಂಕು ಮಾಡುತ್ತದೆ. ಗೊರಕೆಯೂ ಇಲ್ಲದೆ ಎದೆಯೂ ಏಳದೆ 10 ಸೆಕೆಂಡಿಗಿಂತ ಜಾಸ್ತಿ ನಿಂತರೆ ಸೆಂಟ್ರಲ್ ಸ್ಲೀಪ್ ಆಪ್ನಿಯಾ ಇರಬಹುದು, ಅಂದರೆ ನಿದ್ದೆಯಲ್ಲಿ ಮೆದುಳೇ ಉಸಿರೆಳೆಯಲು ಹೇಳದಿರುವುದು. ಈ ಮಾತ್ರೆ ಕೆಮ್ಮನ್ನೂ ಅಡಗಿಸುತ್ತದೆ. ಕಫ ಒಳಗೇ ಉಳಿಯುತ್ತದೆ, ಮಂಪರಿನಲ್ಲಿ ಜೊಲ್ಲು ಶ್ವಾಸನಾಳಕ್ಕೆ ಇಳಿಯುತ್ತದೆ. ನ್ಯುಮೋನಿಯಾಕ್ಕೆ ಅಷ್ಟು ಸಾಕು.

ರಾತ್ರಿ ನಿದ್ದೆ ಮಾತ್ರೆ ಏನಾದರೂ ಕೊಡ್ತೀರಾ?

ಪ್ರಶ್ನೆ ಕೇಳಿದವರು
ಹೌದು, ಕ್ಲೊನಾಜೆಪಾಮ್. ಬೇರೆ ಡಾಕ್ಟರ್ ಬರೆದದ್ದು.

ಉತ್ತರ 1
ನನಗೆ ಇದೇ ಭಯ ಇತ್ತು. ಎರಡೂ ಸೇರಿದರೆ ಉಸಿರು ಇನ್ನೂ ಕುಗ್ಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಈ ಜೋಡಿಯ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಇದನ್ನೂ ತಟ್ಟನೆ ಬಿಡುವ ಹಾಗಿಲ್ಲ. ಇವತ್ತೇ, ರಾತ್ರಿಯ ಮಾತ್ರೆಗೆ ಮೊದಲೇ, ಡಾಕ್ಟರಿಗೆ ಫೋನ್ ಮಾಡಿ ಎರಡೂ ಚೀಟಿ ಓದಿ ಹೇಳಿ. ಮಾರ್ಫಿನ್ ಪರಿಣಾಮ ಇಳಿಸುವ ನಲೊಕ್ಸೋನ್ ಅನ್ನೋ ಮದ್ದು ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತಲೂ ಕೇಳಿ. ಅಲ್ಲಾಡಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ, ಆಂಬುಲೆನ್ಸ್ ಕರೆಸಿ.

ಉತ್ತರ 2
ನನಗೂ ಹೀಗೇ ಆಗಿತ್ತು. ಹಗಲಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ ಶೇಕಡಾ 97 ತೋರಿಸುತ್ತಿತ್ತು, ನಿಶ್ಚಿಂತೆಯಾಗಿದ್ದೆ. ನಿದ್ದೆ ಪರೀಕ್ಷೆ ಮಾಡಿದಾಗ ರಾತ್ರಿ 82ಕ್ಕೆ ಇಳಿದಿತ್ತು. ಬೆಳಗ್ಗೆ ತಲೆನೋವು ಬರುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ತಿಂಗಳುಗಟ್ಟಲೆ ನಿಧಾನವಾಗಿ ಡೋಸ್ ಇಳಿಸಿದರು, ಉಸಿರು ನಿಲ್ಲುವುದು ಕಡಿಮೆಯಾಯಿತು. ನಿಮ್ಮಪ್ಪನಿಗೂ ಆ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು
ಅವರಿಗೂ ಬೆಳಗ್ಗೆ ತಲೆನೋವು ಇರುತ್ತದೆ. ವಯಸ್ಸಾಯ್ತಲ್ಲ ಅಂತ ಬಿಟ್ಟಿದ್ದೆ. ಡಾಕ್ಟರಿಗೆ ಫೋನ್ ಮಾಡಿದೆ, ಈಗಲೇ ಕರೆದುಕೊಂಡು ಬನ್ನಿ ಅಂದರು. ಹೊರಟಿದ್ದೇವೆ.