ಗಣಪತಿ ವೇದಿಕೆಯಲ್ಲಿ ಬೇಸ್ ಗಿಟಾರ್ ಗುಂಯ್‌ಗುಡುತ್ತದೆ, ಮೈಕ್ ತುಟಿಗೆ ಜುಮ್ಮೆನ್ನುತ್ತದೆ: ಮೂರನೇ ಪಿನ್ ಮುರಿಯಬೇಕೇ?

ಡೇರಿ ಲೆಕ್ಕದವ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ, ಸಂಜೆ ಯಾರ ಹಾಲಿಗೆ ಎಷ್ಟು ಫ್ಯಾಟ್ ಬಂತು ಎಂದು ಬರೆದು ಮುಗಿಸಿದ ಮೇಲೆ ಉಳಿಯುವ ಹೊತ್ತಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಮ್ಮದು ಏಳು ಜನರ ರಸಮಂಜರಿ ತಂಡ. ಕೀಬೋರ್ಡ್ ನುಡಿಸುವವರು ಶಾಲೆಯ ಮೇಷ್ಟ್ರು, ಪ್ಯಾಡ್ ನುಡಿಸುವವನು ಹಗಲು ಆಟೋ ಓಡಿಸುತ್ತಾನೆ. ಊಟ ಹಾಕಿ ಡೀಸೆಲ್ ಖರ್ಚು ಕೊಟ್ಟರೆ ಹೊರಟುಬಿಡುವ ಜನ.

ನನ್ನ ಬೇಸ್ ಜಾಝ್ ಮಾದರಿಯದು: ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಸುರುಳಿ), ಎರಡು ವಾಲ್ಯೂಮ್, ಒಂದು ಟೋನ್. ಆರು ವರ್ಷಗಳ ಹಿಂದೆ, ಮೈಸೂರಿನಲ್ಲಿ ಓದು ಮುಗಿಸಿ ಊರು ಬಿಡುತ್ತಿದ್ದ ಹುಡುಗನೊಬ್ಬನಿಂದ ಕೊಂಡೆ. 40 ವ್ಯಾಟ್‌ನ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ), ಚೀಲ, ಪ್ಲಗ್ ಹಾಕುವ ಒಂದು ಜಂಕ್ಷನ್ ಬಾಕ್ಸ್ ಎಲ್ಲವನ್ನೂ ಸೇರಿಸಿ ಕೊಟ್ಟ. ಮನೆಯಲ್ಲಿ ಆಂಪ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಿ ನುಡಿಸಿದರೆ ಸಣ್ಣದೊಂದು ಗುಂಯ್ ಇರುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಬಹುತೇಕ ನಿಂತೇ ಹೋಗುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ.

ದೂರು ಇರುವುದು ವೇದಿಕೆಯ ಬಗ್ಗೆ. ಈ ಸಲದ ಗಣಪತಿ ಹಬ್ಬಕ್ಕೆ ಮದ್ದೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಸಂಜೆ ಮಳೆ ಸುರಿದು ಆಗಷ್ಟೇ ನಿಂತಿತ್ತು. ದೇವರನ್ನು ಕೂರಿಸಿದ ವೇದಿಕೆಯಾದ್ದರಿಂದ ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಹತ್ತಿದೆವು. ಹಾಸಿದ್ದ ಜಮಖಾನವನ್ನು ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು. ಎಲ್ಲವೂ ಜನರೇಟರ್ ಮೇಲೆಯೇ ನಡೆಯುತ್ತಿತ್ತು. ನನ್ನ ಆಂಪ್ ಎದುರು ಒಂದು ಮೈಕ್ ನಿಲ್ಲಿಸಿದ್ದರು. ಗುಂಯ್ ಸದ್ದು ಮನೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎರಡೂ ವಾಲ್ಯೂಮ್ ತೆರೆದರೂ ಜಗ್ಗಲಿಲ್ಲ. ತಂತಿ ಮುಟ್ಟಿದರೆ ಕಡಿಮೆಯಾಗುವ ಬದಲು ಇನ್ನೂ ಏರುತ್ತಿತ್ತು. ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಖಾಲಿ ಜಿ ತಂತಿಯನ್ನು ಮೀಟಿದರೆ ಅದು ಗುಂಯ್ ಜೊತೆ ಸೇರಿ ತೊಟ್ಟಿಲು ತೂಗಿದ ಹಾಗೆ ಏರಿ ಇಳಿಯುತ್ತಿತ್ತು. ಸೀರಿಯಲ್ ಲೈಟ್ ಹಾಕಿದ ಕೂಡಲೇ ತೊಟ್ಟಿಲು ನಿಧಾನವಾಯಿತು.

ಕೋರಸ್ ಹಾಡಲು ಬಾಗಿದಾಗ ಮೈಕಿನ ಜಾಲರಿ ತುಟಿಗೆ ತಾಗಿ ಕಟ್ಟಿರುವೆ ಕಚ್ಚಿದ ಹಾಗಾಯಿತು. ಭ್ರಮೆಯೆಂದುಕೊಂಡು ಮತ್ತೆ ಬಾಗಿದೆ. ಈ ಸಲ ಹಲ್ಲಿನ ಬುಡದವರೆಗೆ ಹತ್ತಿತು. ಉಳಿದ ಹಾಡುಗಳನ್ನು ಒಂದು ಗೇಣು ದೂರ ನಿಂತೇ ಹಾಡಿದೆ. ನನ್ನ ಕೋರಸ್ ಯಾರಿಗೂ ಕೇಳಿಸಲಿಲ್ಲವಂತೆ, ಅದರಿಂದ ನಷ್ಟವೇನೂ ಆಗಲಿಲ್ಲವೆಂದು ಮೇಷ್ಟ್ರು ಹೇಳಿದರು.

ಮೈಕ್ ಸೆಟ್‌ನ ಹುಡುಗ, “ಆಂಪ್ ಪ್ಲಗ್‌ನಲ್ಲಿ ಮೇಲಿರುವ ದಪ್ಪ ಪಿನ್ ಮುರಿದುಹಾಕಿ, ಗುಂಯ್ ನಿಲ್ಲುತ್ತದೆ, ಎಲ್ಲರೂ ಹಾಗೆಯೇ ಮಾಡುವುದು” ಎಂದ. ಮುರಿಯಲೇ? ಅಥವಾ ಪಿಕಪ್ ಬದಲಿಸಲೇ? ಜೊತೆಗೆ, ನನ್ನ ಬೇಸ್ ಕೆಳಗೆ ಕುಳಿತವರಿಗೆ ಬರೀ ಗುಡುಗಿನ ಹಾಗೆ ಕೇಳುತ್ತದೆ, ಸ್ವರವೇ ತಿಳಿಯುವುದಿಲ್ಲ ಎನ್ನುತ್ತಾಳೆ ಮಗಳು. ಅದಕ್ಕೂ ದಾರಿ ಇದ್ದರೆ ತಿಳಿಸಿ.


ಹಳೇ ರೇಡಿಯೋ, ಮೈಸೂರು

ಪಿನ್ ಮುರಿಯಬೇಡಿ. ಮುಂದಿನದನ್ನು ಊಟ ಮಾಡಿ ಬಂದು ಓದಿದರೂ ಆದೀತು, ಇದೊಂದು ಮಾತ್ರ ಈಗಲೇ ಮನಸ್ಸಿನಲ್ಲಿರಲಿ.

1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀ ಎಂಬಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೀ ವೇದಿಕೆಯ ಮೇಲೆ ಮೈಕ್ ಮುಟ್ಟಿ, ವಿದ್ಯುತ್ ಹೊಡೆದು ಸತ್ತರು. ನಿಮ್ಮದೂ ಅದೇ ಸನ್ನಿವೇಶ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಸಾಲದ್ದಕ್ಕೆ ಬರಿಗಾಲು, ಒದ್ದೆ ಜಮಖಾನ. ಇರುವೆ ಕಚ್ಚಿದ್ದರಲ್ಲೇ ಮುಗಿಯಿತಲ್ಲ, ಆ ಗಣಪತಿಗೆ ಒಂದು ತೆಂಗಿನಕಾಯಿ ಒಡೆಯಿರಿ.

ಬೇಸ್‌ನ ತಂತಿಗಳು ಬ್ರಿಡ್ಜ್ (ತಂತಿಯ ಬುಡ ಕೂರುವ ಲೋಹದ ಪಟ್ಟಿ) ಮೂಲಕ, ಕೇಬಲ್ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆಂಪ್ ಎಷ್ಟೇ ಚೆನ್ನಾಗಿದ್ದರೂ ಟ್ರಾನ್ಸ್‌ಫಾರ್ಮರ್, ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಆ ಚೌಕಟ್ಟಿಗೆ ಒಂದಿಷ್ಟು ವಿದ್ಯುತ್ ಸೋರುತ್ತಲೇ ಇರುತ್ತದೆ. ಅದನ್ನು ಭೂಮಿಗೆ ಇಳಿಸುವುದು ಮೂರನೇ ಪಿನ್. ಅದು ಕಡಿದರೆ ಸೋರಿದ್ದೆಲ್ಲ ನಿಮ್ಮ ತಂತಿಯ ಮೇಲೆ ಕುಳಿತು ದಾರಿ ಕಾಯುತ್ತದೆ. ಮೈಕಿಗೆ ಅರ್ತ್ ಸರಿಯಾಗಿದ್ದರೆ, ದಾರಿ ನಿಮ್ಮ ತುಟಿ. ಇದು ಆರೋಗ್ಯವಾಗಿರುವ ಆಂಪಿನ ಕತೆ. ಒಳಗೆ ಎಲ್ಲಾದರೂ ಫೇಸ್ ವೈರ್ ಚೌಕಟ್ಟಿಗೆ ತಾಗಿತೋ, ಆಗ ಕಚ್ಚುವುದು ಇರುವೆಯಲ್ಲ.

ಈಗ ನಿಮ್ಮ ತೊಟ್ಟಿಲಿಗೆ ಬರೋಣ; ನನಗೆ ಬಹಳ ಹಿಡಿಸಿದ್ದು ಅದೇ. ಖಾಲಿ ಜಿ ತಂತಿ 98 ಹರ್ಟ್ಸ್, ಅಂದರೆ ಸೆಕೆಂಡಿಗೆ 98 ಕಂಪನ. ವಿದ್ಯುತ್ 50 ಹರ್ಟ್ಸ್, ಅದರ ಇಮ್ಮಡಿ 100. ಗುಂಯ್ ಸದ್ದಿನಲ್ಲಿ ಅದೂ ಜೋರಾಗಿಯೇ ಇರುತ್ತದೆ. 98ಕ್ಕೂ 100ಕ್ಕೂ ನಡುವೆ ಎರಡರ ಅಂತರ, ಹಾಗಾಗಿ ಸೆಕೆಂಡಿಗೆ ಎರಡು ಸಲ ತೂಗುತ್ತದೆ. ಸೀರಿಯಲ್ ಲೈಟಿನ ಹೊರೆ ಬಿದ್ದಾಗ ಜನರೇಟರ್ ಸ್ವಲ್ಪ ಕುಗ್ಗುತ್ತದೆ. 49ಕ್ಕೆ ಇಳಿದರೆ ಇಮ್ಮಡಿ 98 ಆಗಿ ನಿಮ್ಮ ತಂತಿಯ ಜೊತೆ ಶ್ರುತಿ ಸೇರಿಬಿಡುತ್ತದೆ, ಜನರೇಟರೇ ತಂಬೂರಿ! ಲೆಕ್ಕ ಬರೆಯುವವರ ಕಿವಿ ಇಷ್ಟು ಸೂಕ್ಷ್ಮವಿರುತ್ತದೆ ಎಂದು ತಿಳಿದಿರಲಿಲ್ಲ.

ಪಿಕಪ್ ಬದಲಿಸುವ ಮಾತು ಬಿಡಿ. ಮನೆಯಲ್ಲಿ ಎರಡೂ ವಾಲ್ಯೂಮ್ ತೆರೆದಾಗ ಗುಂಯ್ ನಿಲ್ಲುವುದು ಒಂದು ಪಿಕಪ್‌ನ ಸುತ್ತು ಇನ್ನೊಂದಕ್ಕೆ ತಿರುವುಮುರುವಾಗಿರುವುದರಿಂದ. ಎರಡೂ ಕೂಡಿ ಅದನ್ನು ಅಳಿಸುತ್ತವೆ. ತಂತಿ ಮುಟ್ಟಿದರೆ ಕಡಿಮೆಯಾಗುವುದರಿಂದ ಬ್ರಿಡ್ಜ್‌ನ ಅರ್ತ್ ವೈರ್ ಕೂಡ ಕೂಡಿಕೊಂಡಿದೆ. ಬೇಸ್ ನಿರಪರಾಧಿ. ವೇದಿಕೆಯಲ್ಲಿ ಮುಟ್ಟಿದರೆ ಏರುತ್ತದೆ ಎಂದರೆ ಅಲ್ಲಿ ಆಂಪಿಗೆ ಅರ್ತ್ ಸಿಕ್ಕಿಲ್ಲ ಎಂಬುದು ನನ್ನ ಗುಮಾನಿ. ಮನೆಗೂ ವೇದಿಕೆಗೂ ನಡುವೆ ಬದಲಾದದ್ದು ಏನು? ಜನರೇಟರ್ ಒಂದು. ಇನ್ನೊಂದು, ನೀವು ಹೆಸರು ಮಾತ್ರ ಹೇಳಿ ಮುಂದೆ ಹೋದ ಆ ಜಂಕ್ಷನ್ ಬಾಕ್ಸ್. ಅದನ್ನು ವೇದಿಕೆಯಲ್ಲಿ ಮಾತ್ರ ಬಳಸುತ್ತೀರಾ?

ಹಾಗಿದ್ದರೆ ಅದನ್ನು ಪ್ಲಗ್‌ನಿಂದ ಪೂರ್ತಿ ಕಳಚಿ. ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಪ್ಲಗ್‌ನ ದಪ್ಪ ಪಿನ್ನಿಗೂ ಇನ್ನೊಂದನ್ನು ಬಾಕ್ಸಿನ ಮೇಲಿನ ದೊಡ್ಡ ತೂತಿಗೂ ಇಡಿ. ಬೀಪ್ ಎನ್ನಬೇಕು. ಎನ್ನದಿದ್ದರೆ ಕಳ್ಳ ಸಿಕ್ಕ. ನಿಯಾನ್ ಟೆಸ್ಟರ್ ನಂಬಬೇಡಿ. ಅದು ಫೇಸ್ ಇದೆಯೋ ಇಲ್ಲವೋ ಹೇಳುತ್ತದೆ, ಅರ್ತ್ ಇದೆಯೋ ಇಲ್ಲವೋ ಹೇಳುವುದಿಲ್ಲ.

ನಮ್ಮ ಮನೆಯ ಹಿತ್ತಿಲಲ್ಲಿ ರೇಡಿಯೋಗೆಂದು ಅಪ್ಪ ತಾಮ್ರದ ತಗಡನ್ನು ಇದ್ದಿಲು, ಉಪ್ಪಿನ ಜೊತೆ ಹೂತಿದ್ದರು. ಬೇಸಿಗೆಯಲ್ಲಿ ಅಮ್ಮ ತುಳಸಿಗೆ ನೀರು ಹಾಕಿ, ಉಳಿದದ್ದನ್ನು ಆ ಗುಂಡಿಗೆ ಸುರಿದು ಬರುತ್ತಿದ್ದರು. ಈಗ ಮೂರನೇ ಪಿನ್ ಮುರಿಯುವುದೇ ಜಾಣತನವಾಗಿದೆ.


ಮೈಕ್ ಸೆಟ್, ಪಾಂಡವಪುರ

ನಮ್ಮ ಕಸುಬಿನವನೊಬ್ಬ ಪಿನ್ ಮುರಿಯಿರಿ ಎಂದದ್ದಕ್ಕೆ ನನಗೇ ನಾಚಿಕೆಯಾಗುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆ ನಮ್ಮದು, ಇನ್ನೂ ಅರ್ತ್ ಎಂದರೆ ಹೆಚ್ಚುವರಿ ವೈರ್ ಎಂದುಕೊಂಡಿದ್ದೇವೆ. ಆದರೆ ಒಂದು ಮಾತು: ನಿಮ್ಮ ತುಟಿಗೆ ಜುಮ್ ಎಂದಿದ್ದರೆ ಬಹುಶಃ ಅವರ ಮೈಕಿನ ಅರ್ತ್ ಸರಿಯಾಗಿಯೇ ಇತ್ತು. ಹುಡುಗನ ಬಾಯಿ ಕೆಟ್ಟದ್ದು, ಯಜಮಾನನ ವೈರಿಂಗ್ ಒಳ್ಳೆಯದು.

ನಾನು ಮಾಡುವುದನ್ನು ಹೇಳುತ್ತೇನೆ. ಜನರೇಟರ್ ಇಳಿಸಿದ ಮೇಲೆ ಮೊದಲ ಕೆಲಸ ಕಬ್ಬಿಣದ ಸರಳು ನೆಲಕ್ಕೆ ಹೊಡೆಯುವುದು, ನ್ಯೂಟ್ರಲ್ ಮತ್ತು ಅರ್ತ್ ಅನ್ನು ಜನರೇಟರ್ ಹತ್ತಿರವೇ ಒಂದೇ ಕಡೆ ಕೂಡಿಸುವುದು. ಇದು ಬಲ್ಲವರು ಮಾಡಬೇಕಾದ ಕೆಲಸ, ವಾದಕರು ಕೈ ಹಾಕಬೇಡಿ. ಅದಿಲ್ಲದೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿದರೂ ಸಮಯಕ್ಕೆ ಬೀಳುತ್ತದೆಂಬ ಭರವಸೆ ಇಲ್ಲ. ಆಮೇಲೆ ವೇದಿಕೆಯ ಮೇಲಿನ ಎಲ್ಲವೂ, ಆಂಪ್, ಕೀಬೋರ್ಡ್, ಮಿಕ್ಸರ್, ಒಂದೇ ಬೋರ್ಡಿನಿಂದ. ಲೈಟಿಂಗ್‌ನವರಿಗೆ ಬೇರೆ ಬೋರ್ಡ್. ಹಾಡುವ ಮೊದಲು ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ನಿಮ್ಮ ತಂತಿಗೆ, ಒಂದು ಮೈಕಿನ ಜಾಲರಿಗೆ. ಒಂದೆರಡು ವೋಲ್ಟ್ ಮೀರಿದರೆ ನನ್ನನ್ನು ಕರೆಯಿರಿ, ಬಾಯಿ ಇಡಬೇಡಿ. ಮೈಕಿಗೆ ಫೋಮ್ ಟೋಪಿ ಹಾಕಿಕೊಂಡರೆ ಸಾಕು ಎನ್ನುವವರಿದ್ದಾರೆ. ನಾಲ್ಕು ಹಾಡಿಗೆ ಎಂಜಲಲ್ಲಿ ಒದ್ದೆಯಾದ ಫೋಮ್ ಯಾರನ್ನೂ ಕಾಯುವುದಿಲ್ಲ.

ಮುಂದಿನ ಸಲ ಆಂಪ್ ಎದುರು ಮೈಕ್ ಇಡಿಸಬೇಡಿ, ಒಂದು ಡಿಐ ಬಾಕ್ಸ್ (ಬೇಸ್‌ನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಸಣ್ಣ ಪೆಟ್ಟಿಗೆ) ಕೊಂಡುಕೊಳ್ಳಿ. ಬೇಸ್ ಅದಕ್ಕೆ, ಅಲ್ಲಿಂದ ಒಂದು ವೈರ್ ನಿಮ್ಮ ಆಂಪಿಗೆ, ಇನ್ನೊಂದು ನಮ್ಮ ಮಿಕ್ಸರಿಗೆ. ಆಗ ಆಂಪ್ ನಿಮ್ಮ ಕಿವಿಗೆ ಮಾತ್ರ. ಎರಡು ಕಡೆಯ ಅರ್ತ್ ಕೂಡಿ ಗುಂಯ್ ಎಂದರೆ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಅದು ಸಿಗ್ನಲ್ ವೈರಿನ ಅರ್ತ್ ಅನ್ನು ಮಾತ್ರ ಬಿಡಿಸುತ್ತದೆ, ಪ್ಲಗ್‌ನ ಅರ್ತ್ ಹಾಗೆಯೇ ಇರುತ್ತದೆ. ಪಿನ್ ಮುರಿಯುವವರು ಹುಡುಕುತ್ತಿರುವುದು ಈ ಗುಂಡಿಯನ್ನೇ.

ಮಗಳ ದೂರಿಗೆ: ಆಂಪಿನ ಬೇಸ್ ನಾಬ್ ಪೂರ್ತಿ ತಿರುಗಿಸಿರುತ್ತೀರಿ, ಹೌದೋ ಅಲ್ಲವೋ? ಅದನ್ನು ನಡುವಿಗೆ ತನ್ನಿ. ನಿಮ್ಮ ದಪ್ಪ ತಂತಿ 41 ಹರ್ಟ್ಸ್, ಆ ಕೆಲಸವನ್ನು ನಮ್ಮ ಹದಿನೆಂಟು ಇಂಚಿನ ಸ್ಪೀಕರ್ ಬಾಕ್ಸ್‌ಗಳು ನೋಡಿಕೊಳ್ಳುತ್ತವೆ. ಸ್ವರ ತಿಳಿಯಬೇಕೆಂದರೆ 700, 800 ಹರ್ಟ್ಸ್ ಹತ್ತಿರ ಸ್ವಲ್ಪ ಎತ್ತಿ, 200, 250ರ ಬಳಿ ಸ್ವಲ್ಪ ಇಳಿಸಿ. ಮನೆಯಲ್ಲಿ ಒಬ್ಬರೇ ನುಡಿಸಿದಾಗ ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ, ಪ್ಯಾಡ್ ಮತ್ತು ಕೀಬೋರ್ಡ್ ಸೇರಿದಾಗ ಅದೇ ಸರಿ. ಅವಳು ಎಲ್ಲಿ ಕುಳಿತಿದ್ದಳು ಎಂದೂ ಕೇಳಿ. ಆ ತಂತಿಯ ಅಲೆಯ ಉದ್ದ ಎಂಟು ಮೀಟರ್‌ಗಿಂತ ಹೆಚ್ಚು. ಬಾಕ್ಸ್‌ಗಳನ್ನು ವೇದಿಕೆಯ ಎರಡು ತುದಿಗೆ ಇಟ್ಟರೆ ಒಂದು ಕಡೆ ಎದೆ ನಡುಗುತ್ತದೆ, ನಾಲ್ಕು ಹೆಜ್ಜೆ ಸರಿದರೆ ಏನೂ ಇರುವುದಿಲ್ಲ. ಎರಡನ್ನೂ ನಡುವೆ ಜೋಡಿಸಿಟ್ಟರೆ ಎಲ್ಲ ಕಡೆ ಒಂದೇ ತೆರನಾಗುತ್ತದೆ. ಆದರೆ ಗಣಪತಿಗೆ ಅಡ್ಡವಾಗುತ್ತದೆಂದು ಕಮಿಟಿಯವರು ಬಿಡುವುದಿಲ್ಲ.


ಸರಸ್ವತೀಪುರಂ ಹುಡುಗ

ಅಂಕಲ್, ಮನೆಯ ಸಣ್ಣ ಗುಂಯ್ ಕೂಡ ಬೇಡವೆನಿಸಿದರೆ ಪಿಕಪ್ ಗುಳಿಗೂ ನಾಬ್‌ಗಳ ಗುಳಿಗೂ ತಾಮ್ರದ ಅಂಟುಪಟ್ಟಿ ಹಚ್ಚಿ, ಅದನ್ನು ಅರ್ತ್‌ಗೆ ಬೆಸುಗೆ ಹಾಕಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬಳಸಬೇಡಿ. ನಾನು ಬಳಸಿದೆ. ಒಂದು, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಎರಡು, ಕಾಲೇಜಿನ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಕೇಬಲ್ ಚುಚ್ಚಿದರೆ ಪೂರ್ತಿ ನಿಶ್ಶಬ್ದ. ಕೇಬಲ್ ಚುಚ್ಚುವ ತೂತಿನ, ಅಂದರೆ ಜ್ಯಾಕ್‌ನ, ಲೋಹದ ನಾಲಗೆ ಕೇಬಲ್ ಒಳಹೋದಾಗ ಹಿಂದಕ್ಕೆ ಬಾಗಿ ಫಾಯಿಲ್‌ಗೆ ತಾಗುತ್ತಿತ್ತು. ಕೇಬಲ್ ತೆಗೆದು ಮೀಟರ್ ಇಟ್ಟರೆ ಎಲ್ಲ ಸರಿ, ಹಾಕಿದರೆ ಮೂಕ. ಕಂಡುಹಿಡಿಯಲು ಎರಡು ದಿನ ಬೇಕಾಯಿತು. ತಾಮ್ರ ಹಚ್ಚಿದರೂ ಆ ನಾಲಗೆಯ ಹಿಂದೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ.


ಡೇರಿ ಲೆಕ್ಕದವ, ಮಂಡ್ಯ

ಹಳೇ ರೇಡಿಯೋ ಸರ್, ಕಳ್ಳ ಸಿಕ್ಕ. ಬಾಕ್ಸನ್ನು ವೇದಿಕೆಗೆ ಮಾತ್ರ ಒಯ್ಯುತ್ತಿದ್ದೆ. ಸಂಘದ ಎಲೆಕ್ಟ್ರಿಷಿಯನ್‌ನಿಂದ ಮೀಟರ್ ತಂದು ಇಟ್ಟೆ. ಬೇರೆ ಎರಡು ಪಿನ್ನಿಗೆ ಬೀಪ್, ದಪ್ಪ ಪಿನ್ನಿಗೆ ಮೌನ. ಪ್ಲಗ್‌ನ ತಿರುಪು ಬಿಚ್ಚಿದರೆ ಹಸಿರು ವೈರನ್ನು ಕತ್ತರಿಸಿ, ಹಿಂದಕ್ಕೆ ಮಡಚಿ, ಕಪ್ಪು ಟೇಪ್ ಸುತ್ತಿ ಇಡಲಾಗಿತ್ತು. ಟೇಪ್ ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಅಂದರೆ ನನಗಿಂತ ಮೊದಲೇ ಯಾರೋ ಮುರಿದಾಗಿತ್ತು, ಪಿನ್ ಮಾತ್ರ ನೋಡಲಿಕ್ಕೆಂದು ಬಿಟ್ಟಿದ್ದರು. ಆರು ವರ್ಷ ಅದನ್ನೇ ಹೊತ್ತು ಊರೂರು ಅಲೆದು, ಎಲ್ಲ ಮೈಕ್ ಸೆಟ್‌ನವರನ್ನೂ ಬೈದಿದ್ದೇನೆ.

ಹಸಿರು ವೈರ್ ಸೇರಿಸಿದ ಮೇಲೆ ಬೀಪ್ ಎಂದಿತು. ಮನೆಯಲ್ಲೇ ಆ ಬಾಕ್ಸಿಗೆ ಆಂಪ್ ಹಾಕಿ ನೋಡಿದೆ, ಗೋಡೆಯ ಪ್ಲಗ್‌ನಷ್ಟೇ ಸಣ್ಣ ಗುಂಯ್. ಬಾಕ್ಸ್ ಹಳೆಯದಾದ್ದರಿಂದ ಹೊಸದನ್ನೇ ಕೊಂಡು ಇದನ್ನು ಎಸೆಯುತ್ತೇನೆ. ಬೇಸ್ ನಾಬ್ ಪೂರ್ತಿ ತಿರುಗಿಸಿದ್ದು ಹೌದು. ನಡುವಿಗೆ ತಂದು ನುಡಿಸಿದೆ. ಮಗಳು ಅಡುಗೆಮನೆಯಿಂದಲೇ ಯಾವ ಹಾಡೆಂದು ಹೇಳಿದಳು.

ಪಾಂಡವಪುರದವರೇ, ಡಿಐ ಬಾಕ್ಸ್ ಪ್ಯಾಸಿವ್ ಸಾಕೇ, ಆಕ್ಟಿವ್ ಬೇಕೇ? ಅಂಗಡಿಯವನು ಆಕ್ಟಿವ್ ಎನ್ನುತ್ತಿದ್ದಾನೆ.


ಮೈಕ್ ಸೆಟ್, ಪಾಂಡವಪುರ

ಅಂಗಡಿಯವನು ಹೇಳುವುದರಲ್ಲಿ ಸುಳ್ಳಿಲ್ಲ, ನಿಮ್ಮಂಥ ಬ್ಯಾಟರಿ ಇಲ್ಲದ ಬೇಸ್‌ಗೆ ಆಕ್ಟಿವ್ ಹಾಕಿದರೆ ಮೇಲಿನ ಹೊಳಪು ಚೆನ್ನಾಗಿ ಉಳಿಯುತ್ತದೆ. ಆದರೆ ಅದಕ್ಕೆ ಬ್ಯಾಟರಿ ಬೇಕು, ಇಲ್ಲವೇ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ (ಮೈಕ್ ವೈರಿನಲ್ಲೇ ಬರುವ ವಿದ್ಯುತ್) ಬರಬೇಕು. ಹಳ್ಳಿಯ ಮಿಕ್ಸರುಗಳಲ್ಲಿ ಆ ಗುಂಡಿ ಕೆಲಸ ಮಾಡುತ್ತದೆಂದು ನಂಬಿ ಹೋಗಬೇಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ತೆಗೆದುಕೊಳ್ಳಿ. ಹೊಳಪು ಒಂದು ಚೂರು ಕಡಿಮೆಯಾಗಬಹುದು, ರಸಮಂಜರಿಯಲ್ಲಿ ಅದನ್ನು ಕೇಳುವವರು ನೀವು ಮತ್ತು ನಿಮ್ಮ ಮಗಳು ಇಬ್ಬರೇ.