ಸಹಾಯ ಬೇಕು: ಎಫ್‌ಇಸಿ (ಅಮೆರಿಕದ ಚುನಾವಣಾ ಆಯೋಗ) ಫೈಲಿನಲ್ಲಿ ಒಂದೇ ದೇಣಿಗೆ ಎರಡು ಸಲ ಬರ್ತಿದೆ

ಅಮೆರಿಕದ ಚುನಾವಣಾ ದೇಣಿಗೆ ಡೇಟಾದಲ್ಲಿ ಕೈಯಾಡಿಸಿದವರು ದಯವಿಟ್ಟು ನೋಡಿ. 2023–24ರ ವೈಯಕ್ತಿಕ ದೇಣಿಗೆಗಳ ಬಲ್ಕ್ ಫೈಲಿನಿಂದ ಒಬ್ಬ ಸೆನೆಟ್ ಅಭ್ಯರ್ಥಿಗೆ ಒಟ್ಟು 200 ಡಾಲರಿಗಿಂತ ಕಡಿಮೆ ಕೊಟ್ಟವರ ಸಂಖ್ಯೆ ತೆಗೀಬೇಕು. ಚೆಕ್ಕಿನಲ್ಲಿ ನೇರವಾಗಿ ಕೊಟ್ಟ ಸಣ್ಣ ದಾನಿಗಳು ಸಿಗಲ್ಲ, ಅದು ಗೊತ್ತು. ಆಕ್ಟ್‌ಬ್ಲೂ (ಆನ್‌ಲೈನಿನಲ್ಲಿ ದೇಣಿಗೆ ಪಡೆದು ಅಭ್ಯರ್ಥಿಗೆ ದಾಟಿಸೋ ವೇದಿಕೆ) ಮೂಲಕ ಕೊಟ್ಟವರಾದರೂ ಸಿಗಬೇಕು.

ತೊಡಕು ಇರೋದು ಇಲ್ಲಿ. ಅದೇ ಹಣವನ್ನು ಅಭ್ಯರ್ಥಿಯ ಸಮಿತಿ 15ಇ (ಮಧ್ಯವರ್ತಿ ಮೂಲಕ ಬಂದ ದೇಣಿಗೆಯ ಕೋಡ್) ಅಂತಲೂ ಆಕ್ಟ್‌ಬ್ಲೂ 24ಟಿ (ಮಧ್ಯವರ್ತಿ ದಾಟಿಸಿದ ದೇಣಿಗೆಯ ಕೋಡ್) ಅಂತಲೂ ತೋರಿಸತ್ತೆ. 24ಟಿ ತೆಗೆದರೆ ಎರಡೆರಡು ಎಣಿಕೆ ನಿಲ್ಲತ್ತೆ ನಿಜ, ಆದರೆ ಸಣ್ಣ ದಾನಿಗಳೇ ಮಾಯ. ಯಾಕಂದ್ರೆ ಸಮಿತಿ ಒಬ್ಬರ ಮೊತ್ತ 200 ದಾಟಿದ ಮೇಲಷ್ಟೇ ಹೆಸರು ಕೊಡಬೇಕು; ಮಧ್ಯವರ್ತಿಯಾದ ಆಕ್ಟ್‌ಬ್ಲೂ 5 ಡಾಲರನ್ನೂ ಬರೆಯತ್ತೆ.

ಮೆಮೊ ಕಾಲಂನಲ್ಲಿ ಎಕ್ಸ್ (ಮೊತ್ತಕ್ಕೆ ಸೇರಿಸಬಾರದು ಅನ್ನೋ ಗುರುತು) ಇರೋ ಸಾಲು ಬಿಟ್ಟು ನೋಡಿದ್ದಾಯ್ತು, ಬಗೆಹರಿಯಲಿಲ್ಲ. ಹೆಸರು, ಜಿಪ್ (ಅಮೆರಿಕದ ಪಿನ್‌ಕೋಡ್), ತಾರೀಖು, ಮೊತ್ತ ಸೇರಿಸಿ ಹೊಂದಿಸಿದರೆ ಒಂದು ಕಡೆ ಜಿಪ್ 5 ಅಂಕಿ, ಇನ್ನೊಂದು ಕಡೆ 9, ತಾರೀಖೂ ಆಚೀಚೆ. ಟ್ರಾನ್ಸಾಕ್ಷನ್ ಐಡಿ ಆಯಾ ಸಮಿತಿ ತಾನೇ ಹಾಕಿಕೊಳ್ಳೋದು, ಅದೂ ತಾಳೆಯಾಗಲ್ಲ.

ಈಗ ಪ್ರಶ್ನೆ: ಮೆಮೊ ಬರಹದಲ್ಲಿರೋ ಸಮಿತಿ ಸಂಖ್ಯೆ ಹಿಡಿದು 24ಟಿ ಸಾಲುಗಳನ್ನಷ್ಟೇ ಇಟ್ಟುಕೊಂಡು, ಸಮಿತಿಯ 15ಇ ಪೂರ್ತಿ ಕೈಬಿಟ್ಟರೆ ಲೆಕ್ಕ ಸರಿ ಬರತ್ತಾ? ಬೇರೆ ಮಧ್ಯವರ್ತಿಗಳಿಂದ ಬಂದ 15ಇ ಸಾಲುಗಳನ್ನು ಬೇರ್ಪಡಿಸೋದು ಯಾವ ಕಾಲಂನಿಂದ?